ಒಂದೇ ಹೆಸರಿನ ಎರಡು ಫೈಲು ಮತ್ತು ಮೊಗ್ರಾಲಿನ ಪಂಪು

ಮೊಗ್ರಾಲ್ ಹೊಳೆಯ ದಂಡೆಯಲ್ಲಿದ್ದ ಒಂದು ಪಂಪು ಒಂದು ಬೇಸಗೆಯಲ್ಲಿ ಮೂರು ದಿನ ತರಕಾರಿ ಗದ್ದೆಗಳಿಗೆ ಉಪ್ಪುನೀರು ಹಾಯಿಸಿತು. ಪಂಪು ನೋಡಿಕೊಳ್ಳುತ್ತಿದ್ದವರೇ ಅದಕ್ಕೆ ಕಾರಣ ಎಂದು ಊರು ತೀರ್ಮಾನಿಸಿತು. ಕಾರಣ ಅವರಲ್ಲ, ನಾನು. ಇದನ್ನು ಮೊದಲೇ ಬರೆದಿಟ್ಟರೆ ಮುಂದೆ ಬರೆಯುವಾಗ ಜಾರಿಕೊಳ್ಳಲು ನನಗೆ ದಾರಿ ಉಳಿಯುವುದಿಲ್ಲ.

ನಾನು ಆಗ ಮೊಗ್ರಾಲಿಗೆ ಹತ್ತಿರದ ಅನಂತಪುರದಲ್ಲಿ ಪಂಪುಗಳಿಗೆ ಕಂಟ್ರೋಲರ್ ತಯಾರಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಓದಿದ್ದು ಎಸ್ಸೆಸೆಲ್ಸಿ ಮಾತ್ರ. ಉಳಿದದ್ದೆಲ್ಲ ಪುಸ್ತಕ ನೋಡಿ, ಕೆಡಿಸಿ, ಸರಿಮಾಡಿ ಕಲಿತದ್ದು. ಮೊಗ್ರಾಲಿನ ಪಾಡಶೇಖರ ಸಮಿತಿ, ಅಂದರೆ ಅಲ್ಲಿನ ಗದ್ದೆಯವರೆಲ್ಲ ಸೇರಿ ಮಾಡಿಕೊಂಡ ಸಂಘ, ಸರಕಾರದ ಕೃಷಿ ಕಚೇರಿಯಾದ ಕೃಷಿಭವನದ ಮೂಲಕ ನಮ್ಮಲ್ಲಿ ಒಂದು ಕಂಟ್ರೋಲರ್ ಕೇಳಿತ್ತು. ಭತ್ತದ ಕೊಯ್ಲು ಮುಗಿದ ಮೇಲೆ ಅವರು ಹೊಳೆನೀರು ಹಾಯಿಸಿ ಸೌತೆ, ಅಲಸಂಡೆ, ಬೆಂಡೆ ಮಾಡುತ್ತಾರೆ. ಬೇಸಗೆಯಲ್ಲಿ ಹೊಳೆಯ ಹರಿವು ನಿಂತಾಗ ಸಮುದ್ರದ ಉಬ್ಬರ ಅಳಿವೆಯಿಂದ ಒಳಗೆ ಬರುತ್ತದೆ. ಉಪ್ಪು ಬಂದಾಗ ಪಂಪು ತಾನೇ ನಿಲ್ಲಬೇಕು, ಇಳಿದಾಗ ತಾನೇ ಶುರುವಾಗಬೇಕು. ಕೆಲಸ ಇಷ್ಟೇ.

ಅದಕ್ಕಿಂತ ಮೊದಲು ಆ ಕೆಲಸ ಮಾಡುತ್ತಿದ್ದದ್ದು ಪಂಪಿನ ಅಣ್ಣನ ನಾಲಗೆ. ಪಂಪು ನೋಡಿಕೊಳ್ಳುತ್ತಿದ್ದ, ನನಗಿಂತ ನಾಲ್ಕೈದು ವರ್ಷ ದೊಡ್ಡವರಾದ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಹೊಳೆಗಿಳಿದು ಬೊಗಸೆ ನೀರೆತ್ತಿ, ಬಾಯಿಗೆ ಹಾಕಿ, ಉಗುಳಿ, ಆಮೇಲೆಯೇ ಪಂಪು ಹಾಕುವುದು. ಕನ್ನಡಕ ಹಾಕಿಕೊಂಡಿದ್ದ ನನ್ನನ್ನು ಅವರು ಮೊದಲ ದಿನದಿಂದಲೇ ಮಾಷ್ಟ್ರೆ ಎಂದರು. ನಾನು ತಿದ್ದಲಿಲ್ಲ.

ಕಂಟ್ರೋಲರ್ ಕೂರಿಸಿದ ದಿನ ಅವರು ಕೇಳಿದರು, “ಇದು ಬಂದ ಮೇಲೆ ನನ್ನ ನಾಲಗೆಗೆ ಎಂತ ಕೆಲಸ ಮಾಷ್ಟ್ರೆ?”

“ಇನ್ನು ಊಟಕ್ಕೆ ಮಾತ್ರ. ನೀರು ಬಾಯಿಗೆ ಹಾಕುದು ಬೇಡ.”

“ಹಾಗಾದ್ರೆ ಹೆಂಡತಿಯ ಸಾರಿಗೆ ಉಪ್ಪು ಜಾಸ್ತಿ ಆಯ್ತು ಹೇಳ್ಲಿಕ್ಕೂ ಒಂದು ಮೆಶೀನ್ ಮಾಡಿಕೊಡಿ ಮಾರಾಯ್ರೆ. ನಾನು ಹೇಳಿದ್ರೆ ಬೈಗಳು.”

ನಾವು ನಕ್ಕೆವು. ಅವರು ಮರುದಿನದಿಂದಲೇ ನೀರು ರುಚಿ ನೋಡುವುದನ್ನು ಬಿಟ್ಟರು. ಬಿಡಿಸಿದ್ದು ನಾನು.

ಈಗ ಇದಕ್ಕೆಲ್ಲ ಕಾರಣವಾದ, ಪ್ರೋಗ್ರಾಮಿನ ಒಂದು ಸಾಲಿನ ವಿಷಯ. ಹೊಳೆಯಲ್ಲಿಟ್ಟ ಸೆನ್ಸರು ನೀರಿನ ಉಪ್ಪನ್ನು ಒಂದು ಸಂಖ್ಯೆಯಾಗಿ ಕಳುಹಿಸುತ್ತದೆ. ಸಿಹಿನೀರಿಗೆ ಕೆಲವು ನೂರು, ಸಮುದ್ರದ ನೀರಿಗೆ ಐವತ್ತು ಸಾವಿರದ ಹತ್ತಿರ. ಸೆನ್ಸರಿನಿಂದ ಆ ಸಂಖ್ಯೆಯನ್ನು ಓದಲು ನಾನು ಹೊರಗಿನ ಒಂದು ಲೈಬ್ರರಿ ಬಳಸಿದ್ದೆ. ಲೈಬ್ರರಿ ಎಂದರೆ ಬೇರೆ ಯಾರೋ ಬರೆದು ಎಲ್ಲರ ಬಳಕೆಗೆ ಬಿಟ್ಟ ಸಿದ್ಧ ಪ್ರೋಗ್ರಾಂ. ಪ್ರತಿಯೊಂದಕ್ಕೂ ಒಂದು ಹೆಸರು, ಹೆಸರಿನ ಕೊನೆಗೆ ಎಷ್ಟನೆಯ ಆವೃತ್ತಿ ಎಂದು ಹೇಳುವ ಒಂದು ವರ್ಶನ್ ಸಂಖ್ಯೆ. ಇದರದು 2.4.

ಮೊದಲ ಸಲ ಪರೀಕ್ಷೆ ಮಾಡುವಾಗ ನಾನು ಮೊಗ್ರಾಲಿನ ಕಡಲಿನಿಂದಲೇ ಒಂದು ಕ್ಯಾನ್ ನೀರು ತಂದು ಸೆನ್ಸರನ್ನು ಅದರಲ್ಲಿ ಮುಳುಗಿಸಿದೆ. ಪರದೆಯ ಮೇಲೆ ಬಂದದ್ದು ಮೈನಸ್ ಹದಿನೈದು ಸಾವಿರ ಚಿಲ್ಲರೆ. ಹುಡುಕಿದಾಗ ಕಾರಣ ಸಿಕ್ಕಿತು. ಮೂವತ್ತೆರಡು ಸಾವಿರ ಚಿಲ್ಲರೆ ದಾಟಿದ ಸಂಖ್ಯೆಗಳನ್ನೆಲ್ಲ ಆ ಲೈಬ್ರರಿ ಸೊನ್ನೆಗಿಂತ ಕೆಳಗಿನವೆಂದು ಓದುತ್ತಿತ್ತು. ಅದನ್ನು ಬರೆದವರ ತಪ್ಪಲ್ಲ. ಅವರು ಬೇರೆ ಬಗೆಯ ಸೆನ್ಸರುಗಳಿಗೆ ಬರೆದದ್ದು. ನಾನು ನನ್ನ ಪ್ರೋಗ್ರಾಮಿನಲ್ಲಿ ಅದನ್ನು ಸರಿಪಡಿಸಬಹುದಿತ್ತು. ಆದರೆ ಮೂರು ಕಡೆ ತಿದ್ದಬೇಕಾಗುತ್ತಿತ್ತು. ಲೈಬ್ರರಿಯ ಒಳಗಾದರೆ ಒಂದೇ ಸಾಲು. ಲೈಬ್ರರಿಯನ್ನೇ ತಿದ್ದಿದೆ. ತಿದ್ದಿದ ಫೈಲನ್ನು ಅದೇ ಹೆಸರಿನಲ್ಲಿ, ಅದೇ 2.4 ಎಂಬ ಸಂಖ್ಯೆಯಲ್ಲಿ, ನನ್ನ ಕಂಪ್ಯೂಟರಿನ ಲೈಬ್ರರಿ ಫೋಲ್ಡರಿನಲ್ಲಿ ಮೂಲದ ಜಾಗಕ್ಕೆ ಹಾಕಿದೆ.

ಹೆಸರು ಬದಲಿಸಬೇಕೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕೃಷಿಭವನಕ್ಕೆ ಒಂದು ಪಟ್ಟಿ ಕೊಡಲಿಕ್ಕಿತ್ತು. ಬಳಸಿದ ಹೊರಗಿನ ಲೈಬ್ರರಿಗಳ ಹೆಸರು, ವರ್ಶನ್, ಕೊನೆಯ ಕಾಲಮಿನಲ್ಲಿ ‘ಬದಲಾವಣೆ ಮಾಡಲಾಗಿದೆಯೇ?’. ಮಾಡಿದ್ದರೆ ಏನು, ಯಾಕೆ, ಯಾರು ಎಂದು ಬೇರೆ ಹಾಳೆಯಲ್ಲಿ ಬರೆಯಬೇಕು. ಪಟ್ಟಿಯನ್ನು ನೋಡುವವರು ಎಂಜಿನಿಯರುಗಳು. ಬೇರೆಯವರ ಪ್ರೋಗ್ರಾಮಿಗೆ ಕೈ ಹಾಕಲು ಈ ಎಸ್ಸೆಸೆಲ್ಸಿಯವನು ಯಾರು ಎಂದು ಅವರು ಕೇಳಿದ ಹಾಗೆ ನನಗೆ ಮೊದಲೇ ಕೇಳಿಸಿತು. ಪಟ್ಟಿಯ ಏಳೂ ಲೈಬ್ರರಿಗಳ ಎದುರು ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಪರೀಕ್ಷೆಯ ಕ್ರಮವನ್ನು ಬರೆದಿಡುವ ಹಾಳೆಯಲ್ಲೂ ಕಡಲ ನೀರಿನ ಪರೀಕ್ಷೆಯನ್ನು ಬಿಟ್ಟುಬಿಟ್ಟೆ. ಅದನ್ನು ಬರೆದರೆ ಯಾಕೆ ಬೇಕೆಂದೂ ಬರೆಯಬೇಕಾಗುತ್ತಿತ್ತು. ಬಕೆಟ್ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ನೋಡುವುದು ಎಂದಷ್ಟೇ ಬರೆದೆ.

ಎರಡು ಬೇಸಗೆ ಎಲ್ಲವೂ ಸರಿಯಾಗಿ ನಡೆಯಿತು. ಮೂರನೆಯ ವರ್ಷ ತುಲಾ ತಿಂಗಳ, ಅಂದರೆ ಅಕ್ಟೋಬರ್ ಕೊನೆಯ ಮಳೆಯ, ಒಂದು ಸಿಡಿಲಿಗೆ ನನ್ನ ಕಂಪ್ಯೂಟರು ಸುಟ್ಟಿತು. ಪ್ರೋಗ್ರಾಮಿನ ಪ್ರತಿ ಆಫೀಸಿನ ಸರ್ವರಿನಲ್ಲಿ ಇತ್ತು. ತಿದ್ದಿದ ಲೈಬ್ರರಿ ಇದ್ದದ್ದು ಸುಟ್ಟ ಕಂಪ್ಯೂಟರಿನಲ್ಲಿ ಮತ್ತು ನನ್ನ ಮೇಜಿನ ಒಂದು ಪೆನ್‌ಡ್ರೈವಿನಲ್ಲಿ.

ಆ ಹೊತ್ತಿಗೆ ಕಾರಡ್ಕ ಕಡೆಯ ಒಬ್ಬರು ಎಂಜಿನಿಯರ್ ನಮ್ಮಲ್ಲಿ ಸೇರಿದ್ದರು. ಮೂವತ್ತು ದಾಟಿದ ಹೆಂಗಸು, ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಪಂಪು ನಿಂತಾಗ, ಶುರುವಾದಾಗ ಸಮಿತಿಯ ಕಾರ್ಯದರ್ಶಿಯ ಫೋನಿಗೆ ಮೆಸೇಜು ಹೋಗುವ ವ್ಯವಸ್ಥೆ ಬೇಕೆಂದು ಬೇಡಿಕೆ ಬಂದಿತ್ತು. ಅದನ್ನು ಸೇರಿಸಿ ಅವರು ಹೊಸ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿದರು, ಎಂದರೆ ನಮ್ಮ ಪ್ರೋಗ್ರಾಮನ್ನೂ ಲೈಬ್ರರಿಗಳನ್ನೂ ಕೂಡಿಸಿ ಕಂಟ್ರೋಲರಿಗೆ ಹಾಕುವ ಕಟ್ಟನ್ನು ತಯಾರಿಸಿದರು. ಬಿಲ್ಡ್ ಮಾಡುವಾಗ ಕಂಪ್ಯೂಟರು ಪ್ರೋಗ್ರಾಮಿನಲ್ಲಿ ಬರೆದಿರುವ ಹೆಸರು, ವರ್ಶನ್ ನೋಡಿ ಲೈಬ್ರರಿಯನ್ನು ಮೊದಲು ತನ್ನ ಫೋಲ್ಡರಿನಲ್ಲಿ ಹುಡುಕುತ್ತದೆ. ಇಲ್ಲದಿದ್ದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುತ್ತದೆ. ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ. ಇಳಿಸಿಕೊಂಡಿತು. ಹೆಸರು ಅದೇ, 2.4 ಅದೇ. ಒಂದು ಎಚ್ಚರಿಕೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಅವರು ನನ್ನ ಹಾಳೆಯಲ್ಲಿದ್ದ ಹಾಗೆ ಬಕೆಟ್ಟಿಗೆ ಒಂದು ಹಿಡಿ ಉಪ್ಪು ಹಾಕಿ ನೋಡಿದರು. ಪಂಪು ನಿಂತಿತು. ಒಂದು ಹಿಡಿ ಉಪ್ಪಿಗೆ ಸಂಖ್ಯೆ ಮೂವತ್ತೆರಡು ಸಾವಿರದ ಹತ್ತಿರವೂ ಹೋಗುವುದಿಲ್ಲ. ಸರಿ ಎಂದು ಗುರುತು ಹಾಕಿದರು.

ಪೆನ್‌ಡ್ರೈವು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಲ ನೆನಪಾಗಿತ್ತು, ಚಹಾ ಕುಡಿಯುವಾಗ. ಸಂಜೆ ನೋಡುವ ಅಂದುಕೊಂಡೆ.

ಮಾರ್ಚಿನ ಅಮಾವಾಸ್ಯೆಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ದೊಡ್ಡ ಉಬ್ಬರ. ಪಂಪಿನ ಅಣ್ಣ ಆಗ ಊಟಕ್ಕೆ ಮನೆಗೆ ಹೋಗುವ ಸಮಯ. ಉಪ್ಪು ಏರಿದಾಗ ಪಂಪು ಸರಿಯಾಗಿಯೇ ನಿಂತಿತು. ಕಡಲ ನೀರು ಪೂರ್ತಿ ಒಳಗೆ ಬಂದು ಸಂಖ್ಯೆ ಮೂವತ್ತೆರಡು ಸಾವಿರ ದಾಟಿದಾಗ ಅದು ಮೈನಸ್ ಆಯಿತು. ಸೊನ್ನೆಗಿಂತ ಕೆಳಗೆ, ಅಂದರೆ ಕಂಟ್ರೋಲರಿನ ಲೆಕ್ಕದಲ್ಲಿ ಬಹಳ ಸಿಹಿ. ಪಂಪು ಶುರುವಾಯಿತು. ನೀರು ಎಲ್ಲಕ್ಕಿಂತ ಹೆಚ್ಚು ಉಪ್ಪಾಗಿದ್ದ ಹೊತ್ತನ್ನೇ ಆರಿಸಿಕೊಂಡು ಮೂರು ದಿನ ಗದ್ದೆಗೆ ಹಾಯಿಸಿತು. ನಾಲ್ಕನೆಯ ದಿನ ಸೌತೆಬಳ್ಳಿಯ ಎಲೆಗಳು ಅಂಚಿನಿಂದ ಸುಟ್ಟು ಬಂದವು. ಬೆಳಗ್ಗೆ ಎದ್ದು ನೋಡುವ ಕಣಿಗೆ ಹಣ್ಣು, ತರಕಾರಿ ಜೋಡಿಸಿಡುವ ಬಿಸು ಹಬ್ಬಕ್ಕೆ ಮೂರು ವಾರ ಇತ್ತು.

ಪಂಪಿನ ಅಣ್ಣ ಫೋನು ಮಾಡಿದರು. “ಮಾಷ್ಟ್ರೆ, ಗದ್ದೆಗೆ ಹೋಗುವ ತೋಡಿನ ನೀರು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ. ಒಂದು ಸಲ ಬನ್ನಿ.”

ನಾನು, ಎಂಜಿನಿಯರ್ ಇಬ್ಬರೂ ಹೋದೆವು. ಕಂಟ್ರೋಲರಿನ ದಾಖಲೆಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆವು. ಸಮಯ, ಉಪ್ಪಿನ ಸಂಖ್ಯೆ, ಪಂಪು ಶುರು ಅಥವಾ ಬಂದ್, ಕೊನೆಯಲ್ಲಿ ಒಂದು ಅಕ್ಷರ. ಕಂಟ್ರೋಲರು ತಾನೇ ಮಾಡಿದ್ದರೆ ಎ, ಕೈಯಲ್ಲಿ ಮಾಡಿದ್ದರೆ ಎಂ. ಮೈನಸ್ ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಮೂರು ದಿನವೂ ಎ. ಕೈಯಲ್ಲಿ ಯಾರೂ ಮುಟ್ಟಿರಲಿಲ್ಲ.

ಆಫೀಸಿಗೆ ಬಂದು ಪೆನ್‌ಡ್ರೈವನ್ನು ಎಂಜಿನಿಯರ್ ಕೈಗೆ ಕೊಟ್ಟೆ. ಅವರು ಎರಡೂ ಫೈಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹೆಸರು ಒಂದೇ, ವರ್ಶನ್ ಒಂದೇ, ಗಾತ್ರ ಮಾತ್ರ ಸ್ವಲ್ಪ ಬೇರೆ.

“ಇದು ಯಾರು ತಿದ್ದಿದ್ದು ಅಣ್ಣ?”

“ನಾನು.”

ಅವರು ಆ ಒಂದು ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ, “ನನಗೆ ಒಂದು ಮಾತು ಹೇಳ್ಬಹುದಿತ್ತು,” ಎಂದರು. “ಆಗಲಿ. ಈಗ ಹೆಸರು ಬದಲಿಸುವ. 2.4ರ ಕೊನೆಗೆ ನಮ್ಮದೊಂದು ಗುರುತು ಹಾಕುವ, 2.4-ಅನಂತಪುರ-1 ಅಂತ. ಮತ್ತೆ ತಿದ್ದಿದ್ರೆ 2. ಎಂತ ತಿದ್ದಿದ್ದು ಅಂತ ಒಂದು ಹಾಳೆ ಅದರ ಜೊತೆಗೇ ಇಡುವ. ಆಗ ಯಾವ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿದ್ರೂ ಇಂಟರ್ನೆಟ್ಟಿನದ್ದು ಬರ್ಲಿಕ್ಕಿಲ್ಲ. ನಮ್ಮದು ಸಿಗದಿದ್ರೆ ಬಿಲ್ಡೇ ನಿಲ್ತದೆ. ನಿಲ್ಲುದೇ ಒಳ್ಳೇದಲ್ವಾ?”

“ಕೃಷಿಭವನದ ಪಟ್ಟಿ ಉಂಟಲ್ಲ. ಅದರಲ್ಲಿ ಬರೇ 2.4 ಅಂತ ಉಂಟು.”

“ಹೊಸ ಪಟ್ಟಿ ಕೊಡುವ. ಮೊದಲಿನದ್ದು ತಪ್ಪಾಗಿತ್ತು ಅಂತ ಬರೆದು ಕೊಟ್ರಾಯ್ತು. ತಲೆ ತೆಗೀತಾರಾ?”

ಎಲ್ಲ ಸರಿಮಾಡಲು ಅದು ಸಮಯವಾಗಿತ್ತು. ಹೊಸ ಪಟ್ಟಿ ಹೋದರೆ ತಾರೀಖು ನೋಡುತ್ತಾರೆ. ಉಪ್ಪುನೀರಿನ ಮರುವಾರವೇ ಯಾಕೆ ಹೆಸರು ಬದಲಾಯಿತೆಂದು ಕೇಳುತ್ತಾರೆ. ನನ್ನ ಸಹಿ ಇರುವ ‘ಇಲ್ಲ’ ಹೊರಗೆ ಬರುತ್ತದೆ. ನನಗೆ ಆಗ ಅರುವತ್ತು ದಾಟಿತ್ತು. ನಾನು ಹೇಳಿದೆ, “ಸದ್ಯ ನನ್ನ ಫೈಲನ್ನು ಅದೇ ಹೆಸರಿನಲ್ಲಿ ಹೊಸ ಕಂಪ್ಯೂಟರಿಗೆ ಹಾಕಿ ಬಿಲ್ಡ್ ಮಾಡಿ. ಪಂಪು ಸರಿಯಾಗ್ಲಿ. ಪಟ್ಟಿಯ ವಿಷಯ ನಾನೇ ನೋಡ್ತೇನೆ. ಸಮಿತಿಯವರಿಗೂ ನಾನೇ ಹೇಳ್ತೇನೆ.”

ಅವರು ನಂಬಿದರು. ತಾವು ಅಣ್ಣ ಎಂದು ಕರೆಯುವವರನ್ನು ನಂಬದಿರಲು ಅವರಿಗೆ ಕಾರಣ ಇರಲಿಲ್ಲ.

ಭಾನುವಾರ ಗದ್ದೆಯ ಬದಿಯ ಪಂಪಿನ ಶೆಡ್ಡಿನಲ್ಲಿ ಸಮಿತಿಯ ಮೀಟಿಂಗು. ಸಂಸ್ಥೆಯ ಪರವಾಗಿ ನಾನೊಬ್ಬನೇ ಹೋದೆ. ಕಂಟ್ರೋಲರಿನ ದಾಖಲೆ ತರಬೇಕೆಂದು ಹೇಳಿದ್ದರು. ಹಿಂದಿನ ದಿನ ಕೂತು ಒಂದು ಹಾಳೆ ತಯಾರಿಸಿದೆ. ಅದರಲ್ಲಿ ಎರಡೇ ಕಾಲಮು, ಪಂಪು ನಿಂತ ಸಮಯ, ಶುರುವಾದ ಸಮಯ. ಉಪ್ಪಿನ ಸಂಖ್ಯೆಯ ಕಾಲಮನ್ನು ತೆಗೆದೆ. ಅಲ್ಲಿ ಮೈನಸ್ ಕಂಡರೆ ಯಾರಾದರೂ ಕೇಳುತ್ತಿದ್ದರು. ಅಕ್ಷರದ ಕಾಲಮನ್ನೂ ತೆಗೆದೆ.

ಕಾರ್ಯದರ್ಶಿ ತನ್ನ ಫೋನನ್ನು ಎತ್ತಿ ತೋರಿಸಿದರು. “ಮೆಸೇಜು ಉಂಟು. ಹನ್ನೊಂದೂವರೆಗೆ ಬಂದ್. ಹನ್ನೆರಡೂ ಕಾಲಿಗೆ ಪುನಃ ಶುರು. ಮೂರು ದಿನವೂ ಹೀಗೇ, ದಿನಕ್ಕೆ ಸ್ವಲ್ಪ ತಡ ಅಷ್ಟೇ. ನಾನು ನೋಡಿ, ಅವರೇ ಹಾಕಿದ್ದಾಗಿರ್ಬೇಕು ಅಂತ ಸುಮ್ಮನಾದೆ.” ನನ್ನ ಹಾಳೆಯನ್ನು ನೋಡಿ, “ಇದರಲ್ಲೂ ಅದೇ ಉಂಟು,” ಎಂದರು.

“ಊಟಕ್ಕೆ ಹೋಗುವ ಅವಸರಕ್ಕೆ ಹಾಕಿ ಹೋದದ್ದು,” ಎಂದರು ಒಬ್ಬರು.

“ನಾನು ಮುಟ್ಟಿಲ್ಲ,” ಎಂದರು ಪಂಪಿನ ಅಣ್ಣ. “ಅದು ತನ್ನಷ್ಟಕ್ಕೆ ಶುರು ಆದ್ದು.”

“ಭೂತ ಬಂದು ಗುಂಡಿ ಒತ್ತಿತಾ?”

ಎಲ್ಲರೂ ನಕ್ಕರು. ಒಬ್ಬ ಹೆಂಗಸು ಮಾತ್ರ ನಗಲಿಲ್ಲ. “ಬಿಸು ಕಣಿಗೆ ಇಡ್ಲಿಕ್ಕೆ ನನ್ನ ಗದ್ದೆಯಲ್ಲಿ ಒಂದು ಸೌತೆ ಇಲ್ಲ,” ಎಂದಳು. “ನಿಮ್ಮನ್ನು ನಂಬಿ ಕೂತದ್ದಲ್ವಾ ಅಣ್ಣ ನಾವು?”

ಪಂಪಿನ ಅಣ್ಣ ನನ್ನ ಕಡೆ ತಿರುಗಿದರು. “ಮಾಷ್ಟ್ರೆ, ನೀವು ಹೇಳಿ. ಮೆಶೀನು ಉಪ್ಪುನೀರಿಗೆ ತನ್ನಷ್ಟಕ್ಕೆ ಶುರು ಆಗ್ತದಾ?”

ಬಿಲ್ಡ್ ಸರಿಪಡಿಸಿ ಆಗಿತ್ತು. ಹಿಂದಿನ ದಿನವೇ ಹೊಸದನ್ನು ಹಾಕಿ ಪರೀಕ್ಷೆ ಮಾಡಿದ್ದೆವು. ನಾನು ಹೇಳಿದೆ, “ನಿನ್ನೆ ಪರೀಕ್ಷೆ ಮಾಡಿದೆವು. ಹಾಗೆ ಆಗಲಿಲ್ಲ.”

ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಪಂಪಿನ ಅಣ್ಣ ಸೊಂಟದಿಂದ ಶೆಡ್ಡಿನ ಬೀಗದ ಕೈ ತೆಗೆದು ಬೆಂಚಿನ ಮೇಲಿಟ್ಟು ಹೊರಗೆ ಹೋದರು.

ವಾರ ಕಳೆದು ಎಂಜಿನಿಯರ್ ಕೇಳಿದರು, “ಸಮಿತಿಯವರಿಗೆ ಹೇಳಿದಿರಾ ಅಣ್ಣ? ಪಂಪಿನವರಿಗೆ ಎಂತ ತೊಂದರೆ ಆಗಲಿಲ್ಲ ಅಲ್ವಾ?” ಹೇಳಿದ್ದೇನೆ, ಎಲ್ಲ ಮುಗಿಯಿತು ಎಂದೆ. ಸಂಸ್ಥೆಯ ಯಜಮಾನರು ಕೇಳಿದಾಗಲೂ ನಮ್ಮದೇನೂ ತಪ್ಪಿಲ್ಲ ಎಂದೆ. ಲೈಬ್ರರಿಯ ಹೆಸರು 2.4 ಆಗಿಯೇ ಉಳಿಯಿತು. ಹೊಸ ಕಂಪ್ಯೂಟರಿನ ಫೋಲ್ಡರಿನಲ್ಲಿ ಅದನ್ನು ಯಾರೂ ಅಳಿಸದ ಹಾಗೆ ನಾನು ಕಾದುಕೊಂಡೆ. ಒಂದೇ ಒಂದು ಗುರುತು ಹಾಕಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಿವೃತ್ತಿಯಾಗುವ ತನಕ ಕಾವಲು ಕೂತೆ. ಮೊಗ್ರಾಲಿಗೆ ಹೋಗುವ ಕೆಲಸ ಬಂದಾಗಲೆಲ್ಲ ಬೇರೆಯವರನ್ನು ಕಳುಹಿಸಿದೆ.

ನಿವೃತ್ತಿಯಾಗಿ ಕೆಲವು ವರ್ಷಗಳಾದ ಮೇಲೆ, ಕಳೆದ ವರ್ಷ, ಎಂಜಿನಿಯರ್ ಫೋನು ಮಾಡಿದರು. ಈಗ ಆ ವಿಭಾಗವನ್ನು ಅವರೇ ನೋಡಿಕೊಳ್ಳುತ್ತಿದ್ದಾರೆ. “ಅಣ್ಣ, ಲೈಬ್ರರಿಗೆ ಇನ್ನೂ ಹಳೇ ಹೆಸರೇ ಉಂಟಲ್ಲ? ನಾನು ಬದಲಿಸ್ತಾ ಇದ್ದೇನೆ. ಪಟ್ಟಿಯೂ ಹೊಸತು ಕಳಿಸ್ತೇನೆ.” ಆಮೇಲೆ, “ಮೊಗ್ರಾಲಿನ ಹಳೇ ದಾಖಲೆ ಸಿಕ್ಕಿತು. ಎ ಕಾಲಮು ಇರುವಂಥದ್ದು. ಇದನ್ನು ಆಗ ಸಮಿತಿಯವರಿಗೆ ತೋರಿಸಿದ್ದೀರಲ್ಲ?”

“ಇಲ್ಲ,” ಎಂದೆ.

“ಪ್ರಿಂಟ್ ತೆಗೆದಿಡ್ತೇನೆ,” ಎಂದರು. “ಬಂದು ತಗೊಂಡು ಹೋಗಿ.” ಅಣ್ಣ ಎನ್ನಲಿಲ್ಲ.

ಅವರು ಕೊಟ್ಟ ಹಾಳೆ ಹಿಡಿದುಕೊಂಡು ಮೊದಲು ಸಮಿತಿಯ ಕಾರ್ಯದರ್ಶಿಯನ್ನು ಹುಡುಕಿದೆ. ಆಗಿನವರು ಮಗಳ ಜೊತೆ ಗಲ್ಫಿನಲ್ಲಿದ್ದರು. ಈಗಿನವರಿಗೆ ಆ ವಿಷಯವೇ ಗೊತ್ತಿಲ್ಲ. ಗದ್ದೆಗಳಲ್ಲಿ ಅರ್ಧಕ್ಕೆ ಮಣ್ಣು ತುಂಬಿಸಿ ಆಗಿದೆ. “ಅದೆಲ್ಲ ಮುಗಿದು ಹೋದ ಫೈಲು,” ಎಂದು ಹಾಳೆಯನ್ನು ಓದದೆ ಮರಳಿಸಿದರು.

ಪಂಪಿನ ಅಣ್ಣ ಮನೆಯ ಜಗಲಿಯಲ್ಲಿ ಕೂತು ಹಿಡಿಸೂಡಿ ಪೊರಕೆಗೆಂದು ತೆಂಗಿನ ಗರಿಯಿಂದ ಕಡ್ಡಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. “ಮಾಷ್ಟ್ರೆ! ಬನ್ನಿ, ಬನ್ನಿ. ತಲೆ ಎಲ್ಲ ಬಿಳಿ ಆಯ್ತಲ್ಲ ಮಾರಾಯ್ರೆ.” ಒಳಗೆ ತಿರುಗಿ, “ಚಾ ಇಡು,” ಎಂದರು.

ಚಹಾ ಬರುವ ಮೊದಲೇ ಎಲ್ಲ ಹೇಳಿದೆ. ಲೈಬ್ರರಿ, ಒಂದು ಸಾಲು, ಹೆಸರು, ಸಿಡಿಲು, ಪಟ್ಟಿಯ ‘ಇಲ್ಲ’, ಕಾಲಮು ತೆಗೆದ ಹಾಳೆ. ಅವರು ಕಡ್ಡಿ ಬಿಡಿಸುತ್ತಲೇ ಕೇಳಿದರು. ಹಾಳೆಯನ್ನು ಅವರ ಮುಂದೆ ಹಿಡಿದು ತೋರಿಸಿದೆ. “ನೋಡಿ, ನೀವು ಹಾಕಿದ್ರೆ ಇಲ್ಲಿ ಎಂ ಬರ್ಬೇಕಿತ್ತು. ಮೂರು ದಿನವೂ ಎ. ನೀವು ಮುಟ್ಟಿಲ್ಲ.”

“ನಾನೇ ಒತ್ತಿದ್ದು ಮಾಷ್ಟ್ರೆ,” ಎಂದರು.

“ಅಲ್ಲ, ಇದರಲ್ಲಿ—”

“ನನಗೆ ಈಗ ಕಂಡ ಹಾಗೆ ಉಂಟು. ಶೆಡ್ಡಿನ ಬಾಗಿಲಿನ ಹತ್ತಿರ ನಿಂತಿದ್ದೆ. ಬಿಸಿಲಿಗೆ ಎಡಗೈಯಲ್ಲಿ ಕೊಡೆ ಇತ್ತು. ಬಲಗೈಯಲ್ಲಿ ಹಸಿರು ಗುಂಡಿ ಒತ್ತಿದೆ. ಒತ್ತಿ ಊಟಕ್ಕೆ ಹೋದೆ.”

ನಮ್ಮ ಕಂಟ್ರೋಲರಿನಲ್ಲಿ ಗುಂಡಿಯೇ ಇರಲಿಲ್ಲ. ತಿರುಗಿಸುವ ಸ್ವಿಚ್ಚು ಇತ್ತು, ಕಪ್ಪು ಬಣ್ಣದ್ದು. ಅದನ್ನೂ ಹೇಳಿದೆ. ಅವರು ನಕ್ಕರು. “ನಿಮಗೆ ಮರೆತಿರ್ಬೇಕು. ಪ್ರಾಯ ಆಯ್ತಲ್ಲ.”

ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. “ಮೊದಲಿನ ವರ್ಷ ದಿನಾ ಹೇಳ್ತಿದ್ರು, ನಾನು ಮುಟ್ಟಿಲ್ಲ, ಮುಟ್ಟಿಲ್ಲ ಅಂತ,” ಎಂದರು. “ನಿದ್ದೆ ಇಲ್ಲ, ಊಟ ಇಲ್ಲ. ಯೋಚಿಸಿ ಯೋಚಿಸಿ ಒಂದು ದಿನ ಬೆಳಿಗ್ಗೆ ಎದ್ದು, ಒತ್ತಿದ್ದು ನಾನೇ ಅಂತ ಹೇಳಿದ್ರು. ಆಮೇಲೆ ನಿದ್ದೆ ಬಂತು. ಗದ್ದೆಯವರ ಪ್ರತಿ ಮನೆಗೂ ಹೋಗಿ ತಪ್ಪಾಯ್ತು ಹೇಳಿ ಬಂದಿದ್ದಾರೆ.” ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದರು. “ಇದನ್ನು ಆಗ ತರ್ಬೇಕಿತ್ತು,” ಎಂದು ಮರಳಿ ಕೊಟ್ಟು ಒಳಗೆ ಹೋದರು.

“ಅವಳ ಮಾತಿಗೆ ಬೇಜಾರು ಮಾಡ್ಬೇಡಿ,” ಎಂದರು ಪಂಪಿನ ಅಣ್ಣ. “ನನ್ನ ಭಾರ ಇಳಿಸ್ಲಿಕ್ಕೆ ನೀವು ಇಷ್ಟು ದೂರ ಬಂದು ನಿಮ್ಮ ತಲೆಗೆ ಹಾಕಿಕೊಳ್ತಾ ಇದ್ದೀರಿ. ನನಗೆ ಗೊತ್ತಾಗುದಿಲ್ವಾ?” ಗರಿಯನ್ನು ಬದಿಗಿಟ್ಟು ಎದ್ದು ನಿಂತರು. “ನಿಮ್ಮಲ್ಲಿಗೆ ಮಾತ್ರ ಬರ್ಲಿಕ್ಕೆ ಬಾಕಿ ಇತ್ತು. ಬಸ್ಸು ಹತ್ತಿ ಅನಂತಪುರಕ್ಕೆ ಬರುವ ಅಂತ ಎಷ್ಟು ಸಲ ಎಣಿಸಿದೆ, ಧೈರ್ಯ ಬರಲಿಲ್ಲ. ನಿಮ್ಮ ಮೆಶೀನಿಗೂ ನನ್ನಿಂದ ಕೆಟ್ಟ ಹೆಸರು ಬಂತು. ತಪ್ಪಾಯ್ತು ಮಾಷ್ಟ್ರೆ.”

ಅವರು ಎರಡೂ ಕೈ ಜೋಡಿಸಿದರು. ಬೇಡ ಎಂದು ನಾನು ಆ ಕೈಗಳನ್ನು ಹಿಡಿದು ಬಿಡಿಸಲು ನೋಡಿದೆ. ಬಿಡಿಸಲಾಗಲಿಲ್ಲ.